ಹೆಬ್ಬಾಳದ ಆಫೀಸಲ್ಲಿ 24 ಗಂಟೆ ಹ್ಯಾಕಥಾನ್: ಶಾಲೆಗೆ ನಿಜಕ್ಕೂ ಉಪಯೋಗ ಆಗೋ ಹಾಗೆ ಮಾಡೋದು ಹೇಗೆ?

ಮಲ್ಲಿಗೆ_ಇಡ್ಲಿ:
ನಮಸ್ಕಾರ. ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಹ್ಯಾಕಥಾನ್ (ತಂಡಗಳು ಒಂದೇ ಪಟ್ಟಿಗೆ ಕೂತು ಸಾಫ್ಟ್‌ವೇರ್ ಮಾಡೋ ಸ್ಪರ್ಧೆ) ಇದೆ. 60 ಜನ, 12 ತಂಡ, ಶುಕ್ರವಾರ ಬೆಳಗ್ಗೆಯಿಂದ ಶನಿವಾರ ಬೆಳಗ್ಗೆವರೆಗೆ. ಶ್ರವಣದೋಷ ಇರೋ ಮಕ್ಕಳ ಶಾಲೆಗೆ ಬೇಕಾದ ಸಾಫ್ಟ್‌ವೇರ್ ಮಾಡಿ, ಬಹುಮಾನದ 2 ಲಕ್ಷ ರೂಪಾಯಿಯನ್ನೂ ಅವರಿಗೇ ಕೊಡೋದು ಅಂತ ತೀರ್ಮಾನ. ಸಮಸ್ಯೆ ಆರಿಸೋದು ಹೇಗೆ? ಹಾಲ್‌ನಲ್ಲಿ ಎರಡು ವೈಫೈ ಆಕ್ಸೆಸ್ ಪಾಯಿಂಟ್ (ವೈಫೈ ಹಂಚೋ ಪೆಟ್ಟಿಗೆ), ಒಂದೇ 16 ಆಂಪ್ ಲೈನ್ ಇದೆ, ಸಾಕಾ? ಹಣ ಸಿಎಸ್‌ಆರ್ (ಕಾನೂನಿನ ಪ್ರಕಾರ ಕಂಪನಿ ಸಮಾಜಕ್ಕೆ ಮಾಡೋ ಖರ್ಚು) ಲೆಕ್ಕಕ್ಕೆ ಬರುತ್ತಾ?

ಚಾಮುಂಡಿ_ಕೋಡರ್:
"ಏನು ಆ್ಯಪ್ ಬೇಕು ಹೇಳಿ" ಅಂತ ಮಾತ್ರ ಶಾಲೆಯವರನ್ನ ಕೇಳಬೇಡಿ. ವೆಬ್‌ಸೈಟ್ ಬೇಕು ಅಂತಾರೆ, ನಿಮ್ಮ 12 ತಂಡ ಸೇರಿ 12 ವೆಬ್‌ಸೈಟ್ ಮಾಡಿಡುತ್ತೆ. ಮೂರು ವಾರ ಮುಂಚೆ ಇಬ್ಬರು ಹೋಗಿ ಕೂತು, ಯಾವ ರಿಜಿಸ್ಟರ್‌ನಲ್ಲಿ ಏನು ಬರೀತಾರೆ, ಯಾವುದನ್ನ ಬರೆಯೋಕೆ ಮರೀತಾರೆ ಅಂತ ನೋಡಿ.

ಉದಾಹರಣೆಗೆ ಶ್ರವಣಯಂತ್ರದ ಬ್ಯಾಟರಿ. ಜಿಂಕ್-ಏರ್ ಬ್ಯಾಟರಿಯ ಸ್ಟಿಕ್ಕರ್ ಕಿತ್ತರೆ ಗಾಳಿ ಒಳಗೆ ಹೋಗಿ ಕೆಲಸ ಶುರುವಾಗುತ್ತೆ, ತಿರುಗಿ ಅಂಟಿಸಿದರೂ ಹಳೇ ಆಯಸ್ಸು ಬರಲ್ಲ. ನೀಲಿ ಸ್ಟಿಕ್ಕರ್ ಅಂದ್ರೆ 675 ಸೈಜು, ಕಿತ್ತಳೆ 13, ಕಂದು 312. ಒಂದರ ಬದಲು ಇನ್ನೊಂದು ಕೂರಲ್ಲ. 13 ಖಾಲಿಯಾಗಿ 675 ಡಬ್ಬಿಗಟ್ಟಲೆ ಬಿದ್ದಿದ್ದರೆ, ಆ ಮಗು ಅಷ್ಟು ದಿನ ಪಾಠ ಕೇಳಿಸದೆ ಕೂತಿರುತ್ತೆ. ಯಾರಿಗೆ ಯಾವ ಸೈಜು, ಉಳಿದಿರೋದು ಎಷ್ಟು, ಯಾವಾಗ ತರಿಸಬೇಕು: ಒಂದು ತಂಡಕ್ಕೆ 24 ಗಂಟೆಯಲ್ಲಿ ಮುಗಿಯೋ ಕೆಲಸ.

ಇನ್ನೊಂದು, ಕಿವಿಯ ಅಚ್ಚು, ಅಂದ್ರೆ ಶ್ರವಣಯಂತ್ರದ ಕಿವಿಯೊಳಗೆ ಕೂರೋ ಭಾಗ. ಮಗು ಬೆಳೆದ ಹಾಗೆ ಅಚ್ಚು ಸಡಿಲ ಆಗುತ್ತೆ, ಸೋರಿದ ಸದ್ದು ಮತ್ತೆ ಮೈಕಿಗೆ ಹೋಗಿ ಯಂತ್ರ ಕುಂಯ್ ಅಂತ ಶಿಳ್ಳೆ ಹಾಕುತ್ತೆ. ಹೊಸ ಅಚ್ಚು ಯಾವಾಗ ಬೇಕು ಅಂತ ನೆನಪಿಸೋ ಪಟ್ಟಿಯೂ ಒಳ್ಳೇ ಸಮಸ್ಯೆನೇ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ (ಆಯಿಷ್) ಇರೋ ಊರು ನಮ್ಮದು, ತೀರ್ಪುಗಾರರಲ್ಲಿ ಒಬ್ಬ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಇಲ್ಲದಿದ್ದರೆ ಅದು ನಿಮ್ಮ ಸೋಮಾರಿತನ ಅಷ್ಟೇ.

ಹಳೇ ಪಟ್ಟಿಗಳು ನುಡಿ ಫಾಂಟ್‌ನಲ್ಲಿದ್ದರೆ ಸಿಎಸ್‌ವಿಗೆ (ಸಾದಾ ಅಕ್ಷರಗಳ ಪಟ್ಟಿ ಫೈಲ್) ತೆಗೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತೆ. ಗುರುವಾರದೊಳಗೆ ಯೂನಿಕೋಡ್‌ಗೆ ಬದಲಾಯಿಸಿ, ಅರ್ಕಾವತ್ತು ಜಾಗ ತಪ್ಪಿದೆಯಾ ಅಂತ ಕಣ್ಣಾರೆ ನೋಡಿ. ಆಮೇಲೂ ಮಕ್ಕಳ ಅಸಲಿ ಹೆಸರು, ವಿವರ ತಂಡಗಳಿಗೆ ಕೊಡಬೇಡಿ. ಸುಳ್ಳು ಹೆಸರಿನ 50 ಸಾಲು ಸಾಕು. ಪೋಷಕರಿಗೆ ಎಸ್‌ಎಂಎಸ್ ಅನ್ನೋ ಐಡಿಯಾ ಖಂಡಿತ ಬರುತ್ತೆ. ಡಿಎಲ್‌ಟಿಯಲ್ಲಿ (ಸಂಸ್ಥೆಗಳು ಕಳಿಸೋ ಎಸ್‌ಎಂಎಸ್‌ಗೆ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ಸಂಸ್ಥೆ, ಹೆಡರ್ (ಕಳಿಸಿದವರ ಹೆಸರು), ಟೆಂಪ್ಲೇಟ್ (ಮೆಸೇಜಿನ ನಮೂನೆ) ಮೂರೂ ನೋಂದಣಿ ಆಗದೆ ಆ ಮೆಸೇಜು ಹೋಗಲ್ಲ, ಅದು ಒಂದು ರಾತ್ರಿಯ ಕೆಲಸ ಅಲ್ಲ.

ಹೂಟಗಳ್ಳಿ_ನೆಟ್‌ವರ್ಕ್:
ಕರೆಂಟು ಸಾಕಾಗಲ್ಲ. 60 ಲ್ಯಾಪ್‌ಟಾಪ್ × 65 ವ್ಯಾಟ್ = 3900 ವ್ಯಾಟ್, 230 ವೋಲ್ಟ್‌ಗೆ ಸುಮಾರು 17 ಆಂಪ್. 16ರ ಎಂಸಿಬಿ (ಹೊರೆ ಹೆಚ್ಚಾದರೆ ಕರೆಂಟು ಕಡಿಯೋ ಸ್ವಿಚ್) ಇಷ್ಟಕ್ಕೆ ತಕ್ಷಣ ಬೀಳಲ್ಲ, ಅದೇ ಮೋಸ. ಬಿಸಿಯಾಗ್ತಾ ಇರುತ್ತೆ, ನಡುರಾತ್ರಿ ಯಾರೋ 1500 ವ್ಯಾಟ್ ಕೆಟಲ್ ಹಾಕಿದ ಮೇಲೆ ಬೀಳುತ್ತೆ. ಮೂರು ಬೇರೆ ಬೇರೆ ಲೈನ್ ಎಳೆಸಿ, ಒಂದಕ್ಕೆ 20 ಲ್ಯಾಪ್‌ಟಾಪ್. 6 ಆಂಪ್ ಎಕ್ಸ್‌ಟೆನ್ಷನ್ ಬೋರ್ಡಿಗೆ ಹತ್ತಕ್ಕಿಂತ ಜಾಸ್ತಿ ಬೇಡ, ಬೋರ್ಡಿಗೆ ಬೋರ್ಡು ಸಿಕ್ಕಿಸಲೇಬೇಡಿ. ಟೀ-ಕಾಫಿ ಹಾಲ್‌ನಿಂದ ಹೊರಗೆ.

ವೈಫೈಗೆ ಫೋನೂ ಲೆಕ್ಕ ಹಾಕಿ, 120 ಸಾಧನ. ನಾಲ್ಕು ಆಕ್ಸೆಸ್ ಪಾಯಿಂಟ್ ಇಡಿ, ಎಲ್ಲ 5 ಗಿಗಾಹರ್ಟ್ಸ್‌ನಲ್ಲಿ, ಅಕ್ಕಪಕ್ಕದವಕ್ಕೆ ಬೇರೆ ಚಾನೆಲ್. ಡಿಎಚ್‌ಸಿಪಿಯಲ್ಲಿ (ಪ್ರತಿ ಸಾಧನಕ್ಕೂ ನೆಟ್‌ವರ್ಕ್ ವಿಳಾಸ ಹಂಚೋ ವ್ಯವಸ್ಥೆ) ವಿಳಾಸಗಳ ಗುಂಪಿನ ಅಳತೆ /25 ಇದ್ದರೆ 126 ವಿಳಾಸ ಮಾತ್ರ. ಬಂದು ಹೋಗೋ ಅತಿಥಿಗಳ ಫೋನುಗಳೂ ಸೇರಿ ಮುಗಿದುಹೋದ್ರೆ "ಕನೆಕ್ಟ್ ಆಗಿದೆ, ನೆಟ್ ಇಲ್ಲ" ಅಂತ ಗಲಾಟೆ. ಅದಕ್ಕಿಂತ ದೊಡ್ಡ ಗುಂಪು /23 ಮಾಡಿ, ಲೀಸ್ (ಒಂದು ಸಾಧನ ವಿಳಾಸ ಹಿಡಿದಿಟ್ಟುಕೊಳ್ಳೋ ಅವಧಿ) ಎರಡು ಗಂಟೆಗೆ ಇಳಿಸಿ. ಲೈಬ್ರರಿ, ಡಾಕರ್ ಇಮೇಜ್ ಥರದ ಕೋಡಿಂಗ್‌ಗೆ ಬೇಕಾದ ಫೈಲುಗಳನ್ನೆಲ್ಲ ಗುರುವಾರವೇ ಡೌನ್‌ಲೋಡ್ ಮಾಡಿಸಿ.

ಲೆಕ್ಕದ_ಪುಸ್ತಕ:
ಮೊದಲು ನಿಮ್ಮ ಕಂಪನಿಗೆ 2013ರ ಕಂಪನಿ ಕಾಯ್ದೆಯ ಸೆಕ್ಷನ್ 135 ಅನ್ವಯಿಸುತ್ತಾ ನೋಡಿ: ಹಿಂದಿನ ಆರ್ಥಿಕ ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಇದರಲ್ಲಿ ಒಂದು ಮುಟ್ಟಿದ್ದರೂ ಸಾಕು. ಊಟ, ಟೀ-ಶರ್ಟು, ನೌಕರರು ಕೊಟ್ಟ ಸಮಯ ಸಿಎಸ್‌ಆರ್ ಆಗಲ್ಲ. ಶಾಲೆಗೆ ಕೊಡೋ 2 ಲಕ್ಷ ಆಗಬಹುದು, ಆದರೆ ಶಾಲೆ ನಡೆಸೋ ಟ್ರಸ್ಟಿಗೆ ಸಿಎಸ್‌ಆರ್-1 (ಸಿಎಸ್‌ಆರ್ ಕೆಲಸ ಮಾಡೋ ಸಂಸ್ಥೆಗಳ ಸರ್ಕಾರಿ ನಮೂನೆ) ನೋಂದಣಿ ಸಂಖ್ಯೆ ಇರಬೇಕು, ನಿಮ್ಮ ಬೋರ್ಡಿನ ಒಪ್ಪಿಗೆ ಮುಂಚೆಯೇ ಆಗಿರಬೇಕು. ಗೆದ್ದವರ ಹೆಸರಿಗೆ ಚೆಕ್ ಬರೆದು ಅವರಿಂದ ಕೊಡಿಸೋ ನಾಟಕ ಬೇಡ ಮೇಡಂ, ಅದು ನೌಕರರ ಆದಾಯ ಆಗಿ ತೆರಿಗೆ ಬೀಳುತ್ತೆ. ಕಂಪನಿ ಖಾತೆಯಿಂದ ನೇರವಾಗಿ ಟ್ರಸ್ಟ್ ಖಾತೆಗೆ ಹೋಗಲಿ.

ಮಲ್ಲಿಗೆ_ಇಡ್ಲಿ:
ತುಂಬಾ ಥ್ಯಾಂಕ್ಸ್. ಲೈನ್ ಎಳೆಸೋಕೆ ಇವತ್ತೇ ಹೇಳ್ತೀನಿ. ಗೆದ್ದ ಕೋಡು ಯಾರದ್ದು? ತೀರ್ಪಿಗೆ ಅಂಕ ಹೇಗೆ ಹಂಚೋದು?

ಚಾಮುಂಡಿ_ಕೋಡರ್:
ಸಾಮಾನ್ಯವಾಗಿ ಕೆಲಸದ ಕರಾರಿನ ಪ್ರಕಾರ ಕಂಪನಿದು. ಹಾಗಾಗಿ ಅಪಾಚೆ 2.0 ಲೈಸೆನ್ಸ್‌ನಲ್ಲಿ (ಯಾರು ಬೇಕಾದ್ರೂ ಬಳಸಿ ಬದಲಾಯಿಸಬಹುದಾದ ಮುಕ್ತ ಪರವಾನಗಿ) ಬಿಡುಗಡೆ ಮಾಡೋಕೆ ಲೀಗಲ್‌ನವರಿಂದ ಮುಂಚೆಯೇ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಕಂಪನಿಯ ಲಾಗಿನ್ ವ್ಯವಸ್ಥೆ ಅದರೊಳಗೆ ಜೋಡಿಸೋಕೆ ಬಿಡಬೇಡಿ, ಹೊರಗೆ ತಂದ ದಿನವೇ ಕೆಡುತ್ತೆ. ಸರ್ವರ್ ಖಾತೆ ಶಾಲೆಯ ಇಮೇಲ್‌ನಲ್ಲಿ, ವರ್ಷದ ಬಾಡಿಗೆ ನಿಮ್ಮಿಂದ.

ಅಂಕ ನೂರಕ್ಕೆ 40 ಇದಕ್ಕಿಡಿ: ಶಾಲೆಯ ಟೀಚರ್ ತಮ್ಮದೇ ಹಳೇ ಆಂಡ್ರಾಯ್ಡ್ ಫೋನಿನಲ್ಲಿ, ತಂಡದವರು ಬಾಯಿ ಬಿಡದೆ ನಿಂತಿರುವಾಗ, ಐದು ಮಕ್ಕಳ ವಿವರ ಕನ್ನಡದಲ್ಲಿ ತುಂಬಬೇಕು. ಸ್ಲೈಡ್‌ಗೆ 10 ಸಾಕು.