ಏರು ಹತ್ತುವಾಗ ಮೋಟಾರ್‌ಹೋಮ್ ಎಂಜಿನ್ ಕಾಯುತ್ತದೆ, ಕಪ್ಪು ಹೊಗೆ ಬೇರೆ: ಅನುಭವ ಇದ್ದವರು ಹೇಳಿ

ಪ್ರಶ್ನೆ, ಬೇ ಏರಿಯಾದಿಂದ:
2005ರ ಡೀಸೆಲ್ ಮೋಟಾರ್‌ಹೋಮ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೇವೆ. ಕಮಿನ್ಸ್ 5.9 ಲೀಟರ್ ಎಂಜಿನ್ ಹಿಂದಿದೆ, ಅದಕ್ಕೂ ಹಿಂದೆ ರೇಡಿಯೇಟರ್. ಲಾಸ್ ಏಂಜಲೀಸ್ ಕಡೆ ಹೋಗುವಾಗ ಐ-5ರ ಗ್ರೇಪ್‌ವೈನ್ ಏರಿನಲ್ಲಿ ಎಂಜಿನ್ ತಾಪದ ಮುಳ್ಳು 225 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ. ಹಿಂದೆ ಕಪ್ಪು ಹೊಗೆ, ಮಲಗುವ ಕೋಣೆಯಲ್ಲೂ ಹೊಗೆ ವಾಸನೆ. ಸಪಾಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಗ್ಯಾರೇಜಿನವರು ಹೊಸ ರೇಡಿಯೇಟರ್ ಹಾಕಿಸಿ ಅಂತಾರೆ. ಅಷ್ಟು ದುಡ್ಡು ಸುರಿಯುವ ಮುಂಚೆ ಏನೇನು ನೋಡಬೇಕು?

ಸ್ಯಾಕ್ರಮೆಂಟೊದಿಂದ:
ಹೊಸದು ಆಮೇಲೆ. ಮೊದಲು ಇರುವುದನ್ನು ತೊಳೆಯಿರಿ. ನಮ್ಮದೂ ಇದೇ ಥರದ ಗಾಡಿ, ಇದೇ ಕಾಯಿಲೆ ಇತ್ತು.

ಸಪಾಟಿನಲ್ಲಿ ಸರಿ ಇದ್ದು ಏರಿನಲ್ಲಿ ಮಾತ್ರ ಕಾಯುತ್ತದೆ ಅಂದರೆ ಸಾಮಾನ್ಯವಾಗಿ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಈ ಗಾಡಿಗಳಲ್ಲಿ ಫ್ಯಾನ್ ಎಂಜಿನ್ ಕಡೆಯಿಂದ ಗಾಳಿಯನ್ನು ಹಿಂದಕ್ಕೆ ನೂಕುತ್ತದೆ. ಆ ಗಾಳಿ ಮೊದಲು ಚಾರ್ಜ್ ಏರ್ ಕೂಲರ್ (ಟರ್ಬೊ ಅನ್ನುವ ಪಂಪು ಎಂಜಿನ್ನಿಗೆ ಒತ್ತುವ ಬಿಸಿ ಗಾಳಿಯನ್ನು ತಣಿಸುವ ಜಾಲರಿ) ದಾಟಬೇಕು, ಆಮೇಲೆ ರೇಡಿಯೇಟರ್. ಎಂಜಿನ್ನಿನ ಬ್ರೀದರ್ ಪೈಪು ಆಯಿಲ್ ಆವಿಯನ್ನು ಫ್ಯಾನ್ ಹತ್ತಿರವೇ ಬಿಡುತ್ತದೆ. ಆ ಜಿಡ್ಡಿಗೆ ರಸ್ತೆ ಧೂಳು ಸೇರಿ ಕೂಲರ್‌ನ ಒಳಮುಖಕ್ಕೆ ಕಂಬಳಿ ಹೊದಿಸಿದ ಹಾಗೆ ಆಗುತ್ತದೆ. ಹಿಂದಿನ ಬಾಗಿಲು ತೆಗೆದು ನೋಡಿದರೆ ಮಾತ್ರ ರೇಡಿಯೇಟರ್ ಫಳಫಳ ಅನ್ನುತ್ತಿರುತ್ತದೆ. ಅದನ್ನು ನೋಡಿ ಎಷ್ಟೋ ಮೆಕ್ಯಾನಿಕ್‌ಗಳು ಹೊರಗೆ ಕ್ಲೀನ್ ಇದೆ, ರೇಡಿಯೇಟರ್ ಕೊಳವೆಗಳ ಒಳಗೆ ಕಟ್ಟಿಕೊಂಡಿದೆ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಹಾಸಿಗೆ ಎತ್ತಿ, ಮಂಚದ ಕೆಳಗಿನ ಪ್ಲೈವುಡ್ ಮುಚ್ಚಳ ತೆಗೆಯಿರಿ. ಎಂಜಿನ್ ಆಫ್ ಇರಲಿ, ಕೀಲಿ ನಿಮ್ಮ ಜೇಬಲ್ಲಿರಲಿ. ಫ್ಯಾನ್ ರೆಕ್ಕೆಗಳ ಸಂದಿಯಿಂದ ಟಾರ್ಚ್ ಬಿಡಿ. ನಮ್ಮದರಲ್ಲಿ ಕೂಲರ್‌ನ ಕೆಳಗಿನ ಮೂಲೆಯ ಫಿನ್‌ಗಳು (ತೆಳು ಲೋಹದ ಪಟ್ಟಿಗಳು) ಕಾಣಿಸುತ್ತಲೇ ಇರಲಿಲ್ಲ. ಕೆರೆದರೆ ಉಗುರಿನ ತುಂಬ ಕಪ್ಪು ಮೇಣ.

ಎಂಜಿನ್ ತಣ್ಣಗಿರುವಾಗ ಅಲ್ಯೂಮಿನಿಯಂಗೆ ಆಗಿಬರುವ ಡಿಗ್ರೀಸರ್ ಸಿಂಪಡಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಡಿ, ಒಣಗುವ ಮುಂಚೆ ತೋಟದ ಪೈಪಿನ ನೀರು ಬಿಡಿ. ಪ್ರೆಶರ್ ವಾಷರ್ ಬೇಡ, ಫಿನ್‌ಗಳು ಮಡಚಿಕೊಳ್ಳುತ್ತವೆ. ಕಾಸ್ಟಿಕ್ ಇರುವುದು ಬೇಡವೇ ಬೇಡ, ಅಲ್ಯೂಮಿನಿಯಂ ತಿಂದುಹಾಕುತ್ತದೆ. ಹಿಂದಿನಿಂದ ಇಳಿಯುವ ನೀರು ತಿಳಿಯಾಗುವ ತನಕ ತೊಳೆಯುತ್ತಲೇ ಇರಿ. ಆ ಕಪ್ಪು ನೀರನ್ನು ಕೆಳಗೆ ಹಿಡಿದುಕೊಳ್ಳಿ, ಮಳೆನೀರಿನ ಚರಂಡಿಗೆ ಹೋಗಬಾರದು. ಕೊನೆಗೆ ಬ್ರೀದರ್ ಪೈಪಿಗೆ ಉದ್ದದ ಹೋಸ್ ಜೋಡಿಸಿ, ಅದರ ಬಾಯಿ ಫ್ಯಾನ್‌ ಎಳೆಯದಷ್ಟು ದೂರಕ್ಕೆ ಹೋಗುವಂತೆ ಮಾಡಿ. ಇಲ್ಲದಿದ್ದರೆ ಮತ್ತೆ ಕಟ್ಟಿಕೊಳ್ಳುತ್ತದೆ.

ಹಾಂ, ಮುಳ್ಳನ್ನೂ ಒಮ್ಮೆ ಪರೀಕ್ಷೆ ಮಾಡಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ಇರುವ ಹೌಸಿಂಗ್ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಡ್ಯಾಶ್‌ಬೋರ್ಡ್ ಜೊತೆ ಹೋಲಿಸಿ. ಹಳೇ ಗಾಡಿಗಳಲ್ಲಿ ವೈರಿನ ಅರ್ತಿಂಗ್ ಕೆಟ್ಟು ಮುಳ್ಳು ಸುಳ್ಳು ಹೇಳುವುದುಂಟು.

ರೀನೊದಿಂದ:
ತೊಳೆಯುವುದಕ್ಕೆ ಮುಂಚೆ ಆ ವಾಸನೆ ನೋಡಿ ಮಾರಾಯ್ರೆ. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇಲ್ಲ, ಆದರೆ ಹೊಗೆ ಒಳಗೆ ಬಂದ ದಾರಿಯಲ್ಲೇ ಅದೂ ಬರುತ್ತದೆ. ಡಿಟೆಕ್ಟರ್ ಇದೆಯಾ? ಅದಕ್ಕೂ ಎಕ್ಸ್‌ಪೈರಿ ತಾರೀಕು ಇರುತ್ತದೆ, 2005ರದ್ದೇ ಇದ್ದರೆ ಇವತ್ತೇ ಹೊಸದು ಹಾಕಿ. ಅಲ್ಲಿಯ ತನಕ ಗಾಡಿ ಓಡುವಾಗ ಯಾರೂ ಹಿಂದೆ ಮಲಗಬೇಡಿ, ಮಕ್ಕಳಂತೂ ಬೇಡವೇ ಬೇಡ.

ಎಕ್ಸಾಸ್ಟ್ ಸೋರಿಕೆ ಇದ್ದರೆ ಗುರುತು ಬಿಟ್ಟಿರುತ್ತದೆ. ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ) ಗ್ಯಾಸ್ಕೆಟ್, ಟರ್ಬೊ ಕ್ಲಾಂಪ್, ಸೈಲೆನ್ಸರ್ ಸೇರುವ ಜಾಗ, ಎಲ್ಲ ಕಡೆ ಮಸಿ ಗೆರೆ ಹುಡುಕಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಮ್ಯಾನಿಫೋಲ್ಡ್ ಮೇಲೇ ಅನುಮಾನ. ಮಂಚದ ಕೆಳಗಿನ ಮುಚ್ಚಳದ ರಬ್ಬರ್ ಸೀಲ್ ಕೂಡ ಬದಲಾಯಿಸಿ.

ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ನೋಡಿ, ಆಮೇಲೆ ಟರ್ಬೊದಿಂದ ಕೂಲರ್‌ಗೆ ಹೋಗುವ ರಬ್ಬರ್ ಬೂಟ್‌ಗಳು. ನಮ್ಮದರಲ್ಲಿ ಬೂಟ್ ಕೆಳಭಾಗದಲ್ಲಿ ಸೀಳಿತ್ತು, ಮೇಲಿನಿಂದ ಹೊಸದರ ಹಾಗೇ ಕಾಣುತ್ತಿತ್ತು. ಕೂಲರ್ ಸೋರುತ್ತದಾ ಅಂತ ನೋಡಲು ಎರಡೂ ಬಾಯಿ ಮುಚ್ಚಿ 30 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬುತ್ತಾರೆ. 15 ಸೆಕೆಂಡಿನಲ್ಲಿ 7 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ಮುಚ್ಚಳಗಳಿಗೆ ಚೈನ್ ಕಟ್ಟದೆ ಇದನ್ನು ಮಾಡಬೇಡಿ, ಕಿತ್ತುಕೊಂಡು ಹಾರಿದರೆ ಪ್ರಾಣಕ್ಕೆ ಅಪಾಯ.

ಡೆನ್ವರ್‌ನಿಂದ:
ನಾವು ಐ-70ರಲ್ಲಿ ಐಸೆನ್‌ಹೋವರ್ ಸುರಂಗದ ಕಡೆ ಹತ್ತುತ್ತಿರುತ್ತೇವೆ, ಅಲ್ಲಿ ಎತ್ತರ 11,000 ಅಡಿಗೂ ಮೇಲೆ. ಗಾಡಿ ಎಷ್ಟೇ ಚೆನ್ನಾಗಿದ್ದರೂ ಓಡಿಸುವ ರೀತಿ ಮುಖ್ಯ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು ಎಳೆಸಬೇಡಿ. ಮುಳ್ಳು ಏಳುವ ಮುಂಚೆಯೇ ಗೇರ್ ಇಳಿಸಿ, ಆರ್‌ಪಿಎಂ 2,200ರ ಮೇಲೆ ಇರಲಿ, ಕಾಲು ಸ್ವಲ್ಪ ಸಡಿಲ ಬಿಡಿ. ಆಗ ವಾಟರ್ ಪಂಪೂ ಫ್ಯಾನೂ ಜೋರಾಗಿ ತಿರುಗುತ್ತವೆ, ಡೀಸೆಲ್ ಕಡಿಮೆ ಸುಡುತ್ತದೆ. ಟ್ರಕ್‌ಗಳ ಲೇನ್‌ನಲ್ಲಿ ನಿಧಾನಕ್ಕೆ ಹೋಗಿ, ಅವಮಾನ ಏನಿಲ್ಲ. ಎಸಿ ಆಫ್ ಮಾಡಿ. ತೀರಾ ಏರಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆಫ್ ಮಾಡದೆ ಆರ್‌ಪಿಎಂ ಸ್ವಲ್ಪ ಏರಿಸಿಡಿ. ಕೂಲೆಂಟ್ ಸೋರಿಹೋಗಿದ್ದರೆ ಮಾತ್ರ ತಕ್ಷಣ ಆಫ್ ಮಾಡಬೇಕು. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ.

ಎಕ್ಸಾಸ್ಟ್ ತಾಪದ ಮೀಟರ್, ಅಂದರೆ ಪೈರೋಮೀಟರ್, ಹಾಕಿಸಿ. ಕೂಲೆಂಟ್ ಮುಳ್ಳು ತಡವಾಗಿ ಹೇಳುತ್ತದೆ, ಇದು ಕೂಡಲೇ ಹೇಳುತ್ತದೆ. ಟರ್ಬೊಗೆ ಮುಂಚೆ ಸೆನ್ಸರ್ ಇಟ್ಟು 1,250 ಡಿಗ್ರಿ ಫ್ಯಾರನ್‌ಹೀಟ್ ದಾಟದಂತೆ ನಾನು ಓಡಿಸುತ್ತೇನೆ.

ಹಾಸನದಿಂದ:
ನಾನು ಇಲ್ಲಿ ಶಿರಾಡಿ ಘಾಟಿಯಲ್ಲಿ ಡೀಸೆಲ್ ವ್ಯಾನ್ ಓಡಿಸುವವನು. ಒಂದೇ ಮಾತು. ನಮ್ಮ ಕಡೆ ಗಾಡಿ ಕಾದರೆ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅನ್ನುವ ಸಲಹೆ ಸುಮ್ನೆ ಓಡಾಡುತ್ತದೆ. ಅಲ್ಲೂ ಯಾರಾದರೂ ಹೇಳಿದರೆ ಕೇಳಬೇಡಿ. ಎಷ್ಟೋ ಡೀಸೆಲ್ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗಲೇ ಬೈಪಾಸ್ ದಾರಿ (ರೇಡಿಯೇಟರ್ ಮುಟ್ಟದೆ ಎಂಜಿನ್ನಿಗೇ ವಾಪಸ್ ಹೋಗುವ ದಾರಿ) ಮುಚ್ಚುವುದು. ಅದನ್ನು ತೆಗೆದರೆ ಒಂದಷ್ಟು ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ.

ಮತ್ತೆ ಸ್ಯಾಕ್ರಮೆಂಟೊದಿಂದ:
ಹಾಸನದವರು ಹೇಳಿದ್ದು ಸರಿ. ಇಷ್ಟೆಲ್ಲ ಮಾಡಿಯೂ ಕಾದರೆ, ರೇಡಿಯೇಟರ್ ಬಿಚ್ಚುವ ಮುಂಚೆ ಕೂಲೆಂಟ್‌ನಲ್ಲಿ ಎಕ್ಸಾಸ್ಟ್ ಗ್ಯಾಸ್ ಇದೆಯಾ ಅಂತ ಬ್ಲಾಕ್ ಟೆಸ್ಟ್ ಮಾಡಿಸಿ. ನೀಲಿ ದ್ರಾವಣದ ಬಣ್ಣ ತಿರುಗಿದರೆ ತೊಂದರೆ ಇರುವುದು ಹೆಡ್ ಗ್ಯಾಸ್ಕೆಟ್‌ನಲ್ಲಿ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಅಥವಾ ಹೆಡ್‌ನಲ್ಲಿ. ಬಣ್ಣ ತಿರುಗದಿದ್ದರೆ ಫ್ಯಾನ್ ಬೆಲ್ಟ್, ವಾಟರ್ ಪಂಪ್, ಕೆಳಗಿನ ಹೋಸ್ ನೋಡಿಸಿ. ಜೋರಾಗಿ ರೇಸ್ ಮಾಡಿದಾಗ ಆ ಹೋಸ್ ಚಪ್ಪಟೆಯಾಗುತ್ತದಾ ಅಂತ ಒಬ್ಬರು ದೂರದಿಂದ ಗಮನಿಸಲಿ. ತೊಳೆದ ಮೇಲೆ ಗ್ರೇಪ್‌ವೈನ್‌ನಲ್ಲಿ ಮುಳ್ಳು ಎಲ್ಲಿಗೆ ನಿಂತಿತು ಅಂತ ಇಲ್ಲೇ ಬರೆಯಿರಿ.