ಜಿಲ್ಲೆಯ ಆರು ಕ್ಷೇತ್ರ, ಎರಡೇ ಪಕ್ಷ: ವೋಟು ಹಾಕುವ ವಿಧಾನ ಬದಲಾಗಬೇಕಾ?

ಕುಮಟೆ ಕಡೆಯವ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ವಿಧಾನಸಭೆಗೆ ಆರು ಕ್ಷೇತ್ರ. 2013ರಲ್ಲಿ ಆ ಆರರಲ್ಲಿ ಇಬ್ಬರು ಪಕ್ಷೇತರರು ಗೆದ್ದಿದ್ದರು. ಕಾರವಾರದಲ್ಲಿ ಸತೀಶ ಸೈಲ್, ಭಟ್ಕಳದಲ್ಲಿ ಮಂಕಾಳ ವೈದ್ಯ. 2018ರಲ್ಲಿ ಇಬ್ಬರೂ ಕಾಂಗ್ರೆಸ್ ಅಭ್ಯರ್ಥಿಗಳಾಗಿ ನಿಂತರು. 2018, 2023 ಎರಡೂ ಸಲ ಆರಕ್ಕೆ ಆರೂ ಸೀಟು ಕಾಂಗ್ರೆಸ್, ಬಿಜೆಪಿ ಹಂಚಿಕೊಂಡವು. ಇಡೀ ರಾಜ್ಯದಲ್ಲೂ ಅದೇ ದಾರಿ. ಎರಡೂ ಪಕ್ಷಗಳ ಮತ ಕೂಡಿಸಿದರೆ 2013ರಲ್ಲಿ ಶೇ. 57ರ ಒಳಗಿತ್ತು. 2018ರಲ್ಲಿ ಶೇ. 74, 2023ರಲ್ಲಿ ಶೇ. 79ರ ಹತ್ತಿರ.

ನನ್ನ ತಲೆಯಲ್ಲಿ ಕೂತಿರುವುದು ಕುಮಟಾ ಫಲಿತಾಂಶ. 2023ರಲ್ಲಿ ಇಲ್ಲಿ ಬಿಜೆಪಿ ಗೆದ್ದಿದ್ದು 676 ಮತದಿಂದ. ಎರಡನೇ ಸ್ಥಾನ ಜೆಡಿಎಸ್‌ದು. ಮೂರನೇ ಸ್ಥಾನದ ಕಾಂಗ್ರೆಸ್‌ಗೆ 19 ಸಾವಿರದ ಆಸುಪಾಸು ಮತ ಬಿದ್ದಿತ್ತು. ನಿಮ್ಮವರು ಗೆಲ್ಲದಿದ್ದರೆ ಉಳಿದಿಬ್ಬರಲ್ಲಿ ಯಾರು ಆಗಬಹುದು ಅಂತ ಆ 19 ಸಾವಿರ ಜನರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಫಲಿತಾಂಶ ಇದೇ ಇರುತ್ತಿತ್ತೋ ಬೇರೆ ಇರುತ್ತಿತ್ತೋ, ಆ ಮಾತು ಬೇರೆ. ಕೇಳಲೇ ಇಲ್ಲ ಅನ್ನುವುದೇ ನನ್ನ ತಕರಾರು. ಹೆಚ್ಚು ಮತ ಬಿದ್ದವರು ಗೆದ್ದರು, ಅಲ್ಲಿಗೆ ಮುಗಿಯಿತು ಅನ್ನುವ ಪದ್ಧತಿ ಇರುವ ತನಕ ಜನ ಮೂರನೆಯವರಿಗೆ ವೋಟು ಹಾಕಲು ಹೆದರುತ್ತಾರೆ. ಇದನ್ನು ಬದಲಿಸಬೇಕಲ್ವಾ?

ತೋಟಿಗ, ಯಲ್ಲಾಪುರ

2013ನ್ನು ಅಳತೆಗೋಲು ಮಾಡಬೇಡಿ. ಆ ವರ್ಷ ಯಡಿಯೂರಪ್ಪನವರು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿ ಬಿಜೆಪಿ ಒಡೆದಿತ್ತು. ಕೆಜೆಪಿಯೊಂದಕ್ಕೇ ಶೇ. 10ರ ಹತ್ತಿರ ಮತ ಬಿತ್ತು. ಆಮೇಲೆ ಅವರು ವಾಪಸ್ ಹೋದರು, ಮತವೂ ವಾಪಸ್ ಹೋಯಿತು. ಅದನ್ನು ಪದ್ಧತಿಯ ತಪ್ಪು ಅಂದರೆ ಹೇಗೆ?

ನಮ್ಮ ಕ್ಷೇತ್ರದ್ದು ಬೇರೆಯೇ ಕಥೆ. 2018ರಲ್ಲಿ ನಾವು ಕಾಂಗ್ರೆಸ್ ಶಾಸಕರನ್ನು ಆರಿಸಿದೆವು. 2019ರಲ್ಲಿ ಅವರು ರಾಜೀನಾಮೆ ಕೊಟ್ಟು, ಅದೇ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2023ರಲ್ಲೂ ಬಿಜೆಪಿಯಿಂದಲೇ ಗೆದ್ದರು. 2025ರಲ್ಲಿ ಬಿಜೆಪಿ ಅವರನ್ನು ಉಚ್ಚಾಟಿಸಿತು. 1985ರ ಪಕ್ಷಾಂತರ ನಿಷೇಧ ಕಾನೂನು ಇದ್ದೂ ಇಷ್ಟೆಲ್ಲ ನಡೆಯಿತು. ಮೊದಲು ಅದನ್ನು ಬಿಗಿ ಮಾಡಿ. ಇನ್ನೂ ನಾಲ್ಕು ಪಕ್ಷ ಬಂದರೆ ಜಿಗಿಯಲು ಇನ್ನೂ ನಾಲ್ಕು ಜಾಗ ಸಿಕ್ಕಂತೆ, ಅಷ್ಟೇ.

ಕಾಳಿನದಿ

ಕಾರವಾರದ ಲೆಕ್ಕವನ್ನೂ ಕೇಳಿ. 2018ರಲ್ಲಿ ಗೆದ್ದ ಬಿಜೆಪಿಗೆ ಸುಮಾರು 60 ಸಾವಿರ. ಜೆಡಿಎಸ್‌ಗೆ 46 ಸಾವಿರ, ಕಾಂಗ್ರೆಸ್‌ಗೆ 45 ಸಾವಿರ. ಸೋತ ಇಬ್ಬರದ್ದು ಸೇರಿದರೆ 91 ಸಾವಿರ. ಹೆಚ್ಚಿನ ಜನ ಬೇಡ ಅಂದವರೇ ಗೆದ್ದಂತಾಯಿತಲ್ಲ.

ಮತಗಟ್ಟೆಯಿಂದ ಸ್ವಲ್ಪ ದೂರದಲ್ಲಿ ಪಕ್ಷದವರು ಟೇಬಲ್ ಹಾಕಿ ಚೀಟಿ ಬರೆದುಕೊಡುತ್ತಾರೆ, ನೋಡಿರುತ್ತೀರಿ. 2013ರಲ್ಲಿ ನಮ್ಮ ಶಾಲೆಯ ಹತ್ತಿರ ನಾಲ್ಕು ಟೇಬಲ್ ಇತ್ತು. ಪಕ್ಷೇತರರ ಟೇಬಲ್ಲಿನಲ್ಲೇ ಜಾಸ್ತಿ ಜನ. 2023ರಲ್ಲಿ ಎರಡೇ ಟೇಬಲ್. ಮೂರನೆಯವರ ಕಡೆಯ ಹುಡುಗನೊಬ್ಬ ಬೆಳಿಗ್ಗೆ ಬಂದು, ಕೂರಲು ಜೊತೆಗೆ ಯಾರೂ ಇಲ್ಲದೆ ಬೈಕ್ ಮೇಲೇ ಪಟ್ಟಿ ಇಟ್ಟುಕೊಂಡು ನಿಂತಿದ್ದ. ಹತ್ತು ಗಂಟೆಗೆ ಅವನೂ ಹೊರಟ.

ತೋಟಿಗ, ಯಲ್ಲಾಪುರ

ಸೋತವರ ಮತ ಕೂಡಿಸುವ ಲೆಕ್ಕ ಕಾಗದದ ಮೇಲೆ ಮಾತ್ರ ಚೆಂದ. 2019ರ ಲೋಕಸಭೆಗೆ ಕಾಂಗ್ರೆಸ್, ಜೆಡಿಎಸ್ ಒಟ್ಟಾಗಿ, 2018ರಲ್ಲಿ ಕಾರವಾರದಲ್ಲಿ ಜೆಡಿಎಸ್‌ನಿಂದ ನಿಂತಿದ್ದ ಆನಂದ ಅಸ್ನೋಟಿಕರ್ ಅವರನ್ನೇ ನಿಲ್ಲಿಸಿದ್ದವು. ಏನಾಯಿತು? ಅನಂತಕುಮಾರ ಹೆಗಡೆ ನಾಲ್ಕೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಮತದ ಅಂತರದಲ್ಲಿ ಗೆದ್ದರು. ಜೆಡಿಎಸ್‌ಗೆ ಹಾಕಿದವರೆಲ್ಲ ಕಾಂಗ್ರೆಸ್ ಕಡೆ ಬರುತ್ತಾರೆ ಅಂತ ಯಾರು ಹೇಳಿದ್ದು?

ಘಟ್ಟದ ಮೇಲಿನ ಅಕ್ಕ

ತೋಟಿಗರು ಹೇಳಿದ್ದರಿಂದಲೇ ನನ್ನ ಮಾತು ಗಟ್ಟಿಯಾಗುತ್ತದೆ. ಮತದಾರರ ಎರಡನೇ ಆಯ್ಕೆ ಯಾವುದು ಅಂತ ನಾವು ಇಲ್ಲಿ ಕೂತು ಊಹೆ ಮಾಡುವುದು ಯಾಕೆ? ಪಕ್ಷದ ನಾಯಕರು ಬೆಂಗಳೂರಿನಲ್ಲಿ ಕೂತು ಮೈತ್ರಿ ಮಾಡಿ ನಮ್ಮ ಪರವಾಗಿ ಊಹೆ ಮಾಡುವುದು ಯಾಕೆ? ಮತಪತ್ರದಲ್ಲಿ ನಮ್ಮನ್ನೇ ಕೇಳಿ. 2023ರ ಮೇ ತಿಂಗಳಲ್ಲಿ ಕುಮಟೆಯಲ್ಲಿ ಬಿಜೆಪಿಯನ್ನು ಸೋಲಿಸಲೆಂದೇ ಜೆಡಿಎಸ್‌ಗೆ ಹಾಕಿದವರು ಇದ್ದರು. ಸೆಪ್ಟೆಂಬರ್‌ನಲ್ಲಿ ಆ ಪಕ್ಷ ಬಿಜೆಪಿಯದೇ ಮೈತ್ರಿಕೂಟವಾದ ಎನ್‌ಡಿಎ ಸೇರಿತು. ಆ ಮತದಾರರಿಗೆ ಈಗ ಎಲ್ಲಿ ಜಾಗ?

ಇದು ಹೊರದೇಶದ ಹೊಸ ವಿದ್ಯೆಯೂ ಅಲ್ಲ. ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ ಧಾರವಾಡ, ಗದಗ, ಹಾವೇರಿ ಜೊತೆ ನಮ್ಮ ಜಿಲ್ಲೆಯೂ ಇದೆ. ಅಲ್ಲಿ ನಾವು ಬಟನ್ ಒತ್ತುವುದಿಲ್ಲ. ಹೆಸರಿನ ಮುಂದೆ 1, 2, 3 ಅಂತ ಬರೆಯುತ್ತೇವೆ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಗಳನ್ನು ಎರಡನೇ ಆಯ್ಕೆಯವರಿಗೆ ಹಂಚುತ್ತಾರೆ. ಶಿರಸಿಯ ಶಿಕ್ಷಕರು, ಪದವೀಧರರು ಇದನ್ನು ಮಾಡುತ್ತಲೇ ಬಂದಿದ್ದಾರೆ. ಅವರಿಗೆ ಸಿಕ್ಕ ಹಕ್ಕು ಗದ್ದೆಯಲ್ಲಿ ದುಡಿಯುವವರಿಗೆ ಯಾಕಿಲ್ಲ?

ನಿವೃತ್ತ ಮೇಷ್ಟ್ರು, ಅಂಕೋಲಾ

ಆ ಚುನಾವಣೆಯಲ್ಲಿ ನಾನು ಡ್ಯೂಟಿ ಮಾಡಿದ್ದೇನೆ. ನೇರಳೆ ಬಣ್ಣದ ಸ್ಕೆಚ್ ಪೆನ್ನನ್ನು ನಾವೇ ಕೊಡುತ್ತೇವೆ, ಬೇರೆ ಪೆನ್ ನಡೆಯುವುದಿಲ್ಲ. ಅಂಕಿ ಮಾತ್ರ ಬರೆಯಬೇಕು. ಟಿಕ್ ಹಾಕಿದರೆ ಮತ ಹೋಯಿತು. 1 ಬರೆಯದೆ ಬರೀ 2 ಬರೆದರೂ ಹೋಯಿತು. ಡಿಗ್ರಿ ಓದಿದವರೇ ಒಳಗಿನಿಂದ ತಲೆ ಹೊರಹಾಕಿ, ಸರ್, ಟಿಕ್ ಹಾಕಿದ್ದೇನೆ, ಬೇರೆ ಕಾಗದ ಕೊಡಿ ಅಂತ ಕೇಳುತ್ತಾರೆ. ಹಾಗಿದ್ದಾಗ ಇಡೀ ಜಿಲ್ಲೆಗೆ ಇದನ್ನು ತರುವುದು ಸುಲಭದ ಮಾತಲ್ಲ ತಂಗೀ.

ಇನ್ನೊಂದು ವಿಷಯ. 1949ರ ಜನವರಿ 4ರಂದು ಸಂವಿಧಾನ ಸಭೆಯಲ್ಲಿ ಇದೇ ಚರ್ಚೆ ಬಂದಿತ್ತು. ಕಾಜಿ ಸಯ್ಯದ್ ಕರೀಮುದ್ದೀನ್ ಅವರ ತಿದ್ದುಪಡಿ ಮೇಲೆ ಮಾತಾಡುತ್ತ ಅಂಬೇಡ್ಕರ್ ಅವರು ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದರೆ ಬಿದ್ದ ಮತದ ಪಾಲಿಗೆ ತಕ್ಕಷ್ಟು ಸೀಟು ಕೊಡುವ ಪದ್ಧತಿ ಬೇಡ ಅಂದರು. ಎರಡು ಕಾರಣ ಕೊಟ್ಟರು. ಜನರಲ್ಲಿ ಅಕ್ಷರಜ್ಞಾನ ಇಲ್ಲ, ಮತ್ತೆ ಸಭೆ ಚೂರುಚೂರಾದರೆ ಸ್ಥಿರ ಸರ್ಕಾರ ಸಿಗುವುದಿಲ್ಲ.

ಶರಾವತಿ ಬೇಲೆ

ಮೇಷ್ಟ್ರೇ, 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 18. ನಮ್ಮ ಜಿಲ್ಲೆಯದ್ದು 2011ರಲ್ಲೇ ಶೇ. 84. ಮೊದಲ ಕಾರಣ ಈಗ ಉಳಿದಿಲ್ಲ. ಸ್ಥಿರ ಸರ್ಕಾರದ ಮಾತಿಗೆ, ಈಗಿನ ಪದ್ಧತಿಯಲ್ಲೇ 2018ರಿಂದ 2023ರ ಒಳಗೆ ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಬೊಮ್ಮಾಯಿ ಎಲ್ಲರನ್ನೂ ನೋಡಿದೆವು.

ನಾನು ಮೀನುಗಾರರ ಮನೆಯವನು. ಕಾಸರಕೋಡ ಟೊಂಕದ ಖಾಸಗಿ ಬಂದರನ್ನು ನಮ್ಮವರು ವರ್ಷಗಟ್ಟಲೆ ವಿರೋಧಿಸಿದರು. ಸರ್ಕಾರ ಯಾರದ್ದೇ ಬರಲಿ, ಯೋಜನೆ ಕೈಬಿಟ್ಟಿಲ್ಲ. ಆಗ ನಾನು ಯಾರಿಗೆ ವೋಟು ಹಾಕಿ ಇದು ಬೇಡ ಅಂತ ಹೇಳಲಿ? ನಮ್ಮ ಹೊನ್ನಾವರ ತಾಲೂಕನ್ನೇ ಕುಮಟಾ, ಭಟ್ಕಳ ಎರಡು ಕ್ಷೇತ್ರಕ್ಕೆ ಹರಿದು ಹಂಚಿದ್ದಾರೆ. ಕಾರವಾರದಿಂದ ಭಟ್ಕಳದ ತನಕ ಕಡಲಿಗೆ ಹೋಗುವವರು ಎಲ್ಲ ಊರಲ್ಲೂ ಇದ್ದಾರೆ. ಯಾವ ಒಂದು ಕ್ಷೇತ್ರದಲ್ಲೂ ನಮ್ಮ ಬಲದಿಂದಲೇ ಗೆಲ್ಲುವಷ್ಟಿಲ್ಲ. ನಮಗಾಗಿ ಯಾರಾದರೂ ನಿಂತರೆ ಮನೆಯವರೇ ಹೇಳುತ್ತಾರೆ, ಒಳ್ಳೆಯವನೇ, ಆದರೆ ಗೆಲ್ಲುವುದಿಲ್ಲ, ವೋಟು ಹಾಳಾಗ್ತದೆ ಅಂತ. ಹೀಗೆ ಎಲ್ಲರೂ ಗೆದ್ದೆತ್ತಿನ ಬಾಲ ಹಿಡಿಯುವುದು. ಮೊರಿಸ್ ದುವರ್ಜೆ ಅನ್ನುವ ಫ್ರೆಂಚ್ ವಿದ್ವಾಂಸರು 1950ರ ದಶಕದಲ್ಲೇ ಇದನ್ನು ಬರೆದರು. ಒಂದು ಕ್ಷೇತ್ರ, ಒಂದು ಸೀಟು, ಹೆಚ್ಚು ಮತದವನೇ ಗೆದ್ದ ಅನ್ನುವ ಕಡೆ ಮತದಾರರು ಮೆಲ್ಲಗೆ ಎರಡೇ ಪಕ್ಷದ ಕಡೆ ಸರಿಯುತ್ತಾರೆ ಅಂತ.

ಅದಕ್ಕೇ ನನಗೆ 1, 2, 3 ಬರೆಯುವುದಷ್ಟೇ ಸಾಲದು. ಜಿಲ್ಲೆಯ ಆರೂ ಸೀಟು ಸೇರಿಸಿ ಒಂದೇ ಕ್ಷೇತ್ರ ಮಾಡಿ, ಅದರ ಮೇಲೆ ಆಯ್ಕೆಯ ಕ್ರಮ ಬರೆಯಲು ಬಿಡಿ. ಆಗ ಏಳರಲ್ಲಿ ಒಂದು ಪಾಲು ಮತಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕವರಿಗೆ ಒಂದು ಸೀಟು. ಅಂದರೆ ಶೇ. 14ಕ್ಕಿಂತ ತುಸು ಜಾಸ್ತಿ. ಅಷ್ಟು ಮತ ಆರಕ್ಕಿಂತ ಹೆಚ್ಚು ಜನರಿಗೆ ಸಿಗಲಾರದು. ಕಡಲಿನವರಿಗೂ ಒಂದು, ಅತಿಕ್ರಮಣ ಸಕ್ರಮಕ್ಕೆ ಕಾಯುತ್ತಿರುವ ಕಾಡಂಚಿನವರಿಗೂ ಒಂದು ದನಿ ಸಿಗಬಹುದು.

ತೋಟಿಗ, ಯಲ್ಲಾಪುರ

ಆಗ ನನ್ನ ಶಾಸಕ ಯಾರು ಅಂತ ಹೇಳು ತಮ್ಮಾ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟಾದರೆ ಈಗ ಒಬ್ಬರಿಗೆ ಫೋನ್ ಮಾಡುತ್ತೇವೆ. ಎತ್ತದಿದ್ದರೆ ಮುಂದಿನ ಸಲ ನೋಡಿಕೊಳ್ಳುತ್ತೇವೆ. ಆರು ಜನರೂ ಇಡೀ ಜಿಲ್ಲೆಯವರಾದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಜೋಯಿಡಾದವರು ಭಟ್ಕಳದವರ ಹಿಂದೆ ಅಲೆಯಬೇಕಾ? 1952, 57ರಲ್ಲಿ ಕೆಲವು ಕಡೆ ಇಬ್ಬರು ಸದಸ್ಯರ ಕ್ಷೇತ್ರಗಳಿದ್ದವು. 1961ರಲ್ಲಿ ಕಾನೂನು ತಂದು ಅವನ್ನು ತೆಗೆದರು.

ಶರಾವತಿ ಬೇಲೆ

ಈಗ ಫೋನ್ ಎತ್ತುವುದು ಗೆದ್ದ ಪಕ್ಷದ ಕಾರ್ಯಕರ್ತರದ್ದು, ಅಣ್ಣಾ. ಸೋತವರಿಗೆ ಹಾಕಿದ ಊರಿನವರನ್ನು ಕೇಳಿ ನೋಡಿ. ಆರು ಜನರಿದ್ದರೆ ಒಬ್ಬರಾದರೂ ನಮ್ಮವರು ಅಂತ ಇರುತ್ತಾರೆ.

ನ್ಯೂಜಿಲೆಂಡ್‌ನಲ್ಲಿ ಎರಡನ್ನೂ ಇಟ್ಟುಕೊಂಡಿದ್ದಾರೆ. 1981ರಲ್ಲಿ ಅಲ್ಲಿ ಸೋಷಿಯಲ್ ಕ್ರೆಡಿಟ್ ಪಕ್ಷಕ್ಕೆ ಶೇ. 20ಕ್ಕೂ ಜಾಸ್ತಿ ಮತ ಬಿತ್ತು, ಸಿಕ್ಕಿದ್ದು ಎರಡೇ ಸೀಟು. ಜನರ ಸಿಟ್ಟು ಬೆಳೆಯಿತು. 1993ರಲ್ಲಿ ಜನಮತ ತೆಗೆದುಕೊಂಡು ಪದ್ಧತಿ ಬದಲಿಸಿದರು. ಈಗ ಕ್ಷೇತ್ರಕ್ಕೊಬ್ಬರು ಇದ್ದೇ ಇದ್ದಾರೆ, ಪಕ್ಷದ ಮತಪ್ರಮಾಣಕ್ಕೆ ಸೀಟು ಸರಿದೂಗಿಸಲು ಪಕ್ಷಗಳು ಕೊಟ್ಟ ಅಭ್ಯರ್ಥಿಗಳ ಬೇರೆ ಪಟ್ಟಿಯೂ ಇದೆ. ನಮ್ಮ ಕಾನೂನು ಆಯೋಗವೂ 1999ರಲ್ಲಿ ಲೋಕಸಭೆಯ ಸೀಟುಗಳನ್ನು ಕಾಲು ಭಾಗ ಹೆಚ್ಚಿಸಿ, ಅಷ್ಟನ್ನು ಪಟ್ಟಿಯಿಂದ ತುಂಬಬಹುದು ಅಂದಿತ್ತು. ಆ ವರದಿ ಹಾಗೇ ಬಿದ್ದಿದೆ.

ಕಾಳಿನದಿ

ಪಟ್ಟಿ ಮಾತ್ರ ಬೇಡ. ಪಟ್ಟಿ ಬರೆಯುವವರು ಪಕ್ಷದ ಹೈಕಮಾಂಡ್. ಈಗಲೇ ಟಿಕೆಟ್ಟಿಗಾಗಿ ದೆಹಲಿಗೆ ಓಡುತ್ತಾರೆ. ಪಟ್ಟಿ ಬಂದರೆ ಊರಿಗೆ ಮುಖ ತೋರಿಸುವ ಕೆಲಸವೂ ಇಲ್ಲ. 1967ರಲ್ಲಿ ದಿನಕರ ದೇಸಾಯಿಯವರು ಇದೇ ಜಿಲ್ಲೆಯಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದರು. ಅಂಥವರು ಯಾವ ಪಕ್ಷದ ಪಟ್ಟಿಯಲ್ಲಿ ಇರುತ್ತಿದ್ದರು?

ನಿವೃತ್ತ ಮೇಷ್ಟ್ರು, ಅಂಕೋಲಾ

ಒಳ್ಳೆಯ ಹೆಸರು ನೆನಪಿಸಿದಿರಿ. ಆದರೆ ಅವರು ಗೆದ್ದಿದ್ದೂ ಇದೇ ಪದ್ಧತಿಯಲ್ಲಿ ಅನ್ನುವುದು ನೆನಪಿರಲಿ. ಅಂಕೋಲೆಯ ಸುತ್ತಮುತ್ತ ಶಾಲೆ ಕಟ್ಟಿ, ರೈತರ ಜೊತೆ ವರ್ಷಗಟ್ಟಲೆ ನಿಂತವರು ಅವರು. ಜನ ಗುರುತಿಸಿದರು.

ಮತ್ತೆ ಆಯ್ಕೆಯ ಕ್ರಮ ಬರೆದರೆ ಎರಡು ಪಕ್ಷದ ಹಿಡಿತ ಬಿಡುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾ ನೋಡಿ. 1918ರಿಂದ ಅಲ್ಲಿ ಹೀಗೇ ಮತ ಹಾಕುತ್ತಾರೆ. ಸರ್ಕಾರ ಮಾತ್ರ ಇಂದಿಗೂ ಲೇಬರ್‌ದು, ಇಲ್ಲ ಎದುರು ಕೂಟದ್ದು.

ಘಟ್ಟದ ಮೇಲಿನ ಅಕ್ಕ

ಸರ್ಕಾರ ಎರಡರಲ್ಲಿ ಒಂದರದ್ದಾದರೆ ನನಗೆ ಬೇಸರವಿಲ್ಲ ಮೇಷ್ಟ್ರೇ. ಮತ ಹಾಕುವಾಗ ಹೆದರಿಕೆ ಇರಬಾರದು, ಅಷ್ಟೇ ನನ್ನ ಆಸೆ. ಅದೇ ಆಸ್ಟ್ರೇಲಿಯಾದಲ್ಲಿ 2022ರಲ್ಲಿ ಹತ್ತು ಪಕ್ಷೇತರರು ಗೆದ್ದರು. ಜನ ಮೊದಲ ಆಯ್ಕೆಯನ್ನು ಧೈರ್ಯವಾಗಿ ಬರೆದರು, ಎರಡನೆಯದು ಕೈಯಲ್ಲಿ ಇತ್ತಲ್ಲ. ದೇಸಾಯಿಯವರಂಥ ಒಬ್ಬರು ಇವತ್ತು ನಿಂತರೆ, ಗೆಲ್ಲುವುದಿಲ್ಲ ಅನ್ನುವ ಒಂದೇ ಮಾತಿಗೆ ಅವರ ಮತ ಅರ್ಧವಾಗುತ್ತದೆ. ಮತದಾರರ ಬಾಯಿಂದ ಆ ಮಾತು ಹೋಗಬೇಕು.

ಕುಮಟೆ ಕಡೆಯವ

ವಿಧಾನಸಭೆ, ಲೋಕಸಭೆಯ ವಿಧಾನ ಬದಲಿಸಲು ಸಂಸತ್ತೇ ಮನಸ್ಸು ಮಾಡಬೇಕು. ಈಗಿನ ಪದ್ಧತಿಯಲ್ಲಿ ಗೆದ್ದವರು ಅದನ್ನು ಬೇಗ ಬದಲಿಸುತ್ತಾರೆ ಅಂತ ನನಗೆ ನಂಬಿಕೆ ಇಲ್ಲ. ಆದರೆ ನಗರಸಭೆ, ಪುರಸಭೆ ಚುನಾವಣೆ ರಾಜ್ಯದ ಕಾನೂನಿನ ಕೆಳಗೆ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಬಳಸಬೇಕೆಂದು ಶಿಫಾರಸು ಮಾಡಲು ತೀರ್ಮಾನಿಸಿತು. ಕಾಗದವೇ ಬರುವುದಾದರೆ ಅಂಕಿ ಬರೆಯಲು ಜಾಗವೂ ಇರುತ್ತದೆ. ಶಿರಸಿ, ಕಾರವಾರ ನಗರಸಭೆಯಲ್ಲೋ ನಮ್ಮ ಕುಮಟಾ ಪುರಸಭೆಯಲ್ಲೋ ಒಮ್ಮೆ ಮಾಡಿ ನೋಡಲಿ. ಅದಕ್ಕೆ ಕಾನೂನು ತಿದ್ದುಪಡಿ ಮಾಡಿ ಅಂತ ನಾವೇ ಒಂದು ಮನವಿ ಬರೆದು ಸಹಿ ಹಾಕೋಣ. ವಾರ್ಡ್ ಸಣ್ಣದು. ಎಣಿಕೆ ಒಂದೇ ದಿನದಲ್ಲಿ ಮುಗಿಯುತ್ತದೆ.

ತೋಟಿಗ, ಯಲ್ಲಾಪುರ

ವಾರ್ಡಿನಲ್ಲಿ ಮಾಡಿ ನೋಡಲು ನನ್ನ ಅಡ್ಡಿ ಇಲ್ಲ. ಆದರೆ ಗೆದ್ದ ಸದಸ್ಯ ಅಧ್ಯಕ್ಷಗಿರಿಗಾಗಿ ಆಚೆ ಜಿಗಿದರೆ ಸೀಟು ಹೋಗಬೇಕು, ಆ ಅವಧಿ ಮುಗಿಯುವ ತನಕ ಮತ್ತೆ ನಿಲ್ಲಬಾರದು. ಅದನ್ನೂ ಅದೇ ತಿದ್ದುಪಡಿಯಲ್ಲಿ ಸೇರಿಸಿದರೆ ಮಾತ್ರ ನನ್ನ ಸಹಿ.

ನಿವೃತ್ತ ಮೇಷ್ಟ್ರು, ಅಂಕೋಲಾ

ಟಿಕ್ ಹಾಕಿದ ಮತವನ್ನು ಮೊದಲ ಆಯ್ಕೆ ಅಂತ ಎಣಿಸುವ ನಿಯಮವನ್ನೂ ಸೇರಿಸಿ. ಒಂದೇ ಹೆಸರಿನ ಮುಂದೆ ಟಿಕ್ ಇದ್ದರೆ ಮತದಾರರ ಮನಸ್ಸಿನಲ್ಲಿ ಏನಿದೆ ಅಂತ ಎಣಿಸುವವರಿಗೆ ಗೊತ್ತೇ ಆಗುತ್ತದೆ. ಅಷ್ಟಾದರೆ ಅಂಕೋಲೆಯ ವಾರ್ಡುಗಳಲ್ಲಿ ಮನೆಮನೆಗೆ ಹೋಗಿ ಕಲಿಸುವ ಕೆಲಸಕ್ಕೆ ನಾನು ಬರುತ್ತೇನೆ.

ಶರಾವತಿ ಬೇಲೆ

ಹೊನ್ನಾವರದ್ದೂ ಬರೆದುಕೊಳ್ಳಿ. ಕರಡು ಮಾಡುವಾಗ ನನ್ನನ್ನೂ ಕರೆಯಿರಿ. ವಾರ್ಡಿಗೆ ಒಬ್ಬರೇ ಯಾಕೆ, ಮೂರು ವಾರ್ಡ್ ಕೂಡಿಸಿ ಮೂವರನ್ನು ಆರಿಸಬಾರದೇಕೆ ಅಂತ ಅಲ್ಲೂ ಕೇಳುತ್ತೇನೆ.