ಅಪ್‌ಡೇಟ್: ರಾಜೀನಾಮೆ ಪತ್ರ ಇನ್ನೂ ಬ್ಯಾಗಲ್ಲೇ ಇದೆ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ಮೂಡಿಗೆರೆ ಕಡೆ ಹನ್ನೆರಡು ಸ್ವಸಹಾಯ ಸಂಘಗಳ ಒಕ್ಕೂಟದ ಅಧ್ಯಕ್ಷೆ ನಾನು, ಫೋನ್ ರಿಂಗಾದರೆ ಎದೆ ಝಲ್ಲೆನ್ನುತ್ತೆ, ಯಾರ ಕಷ್ಟ ಕೇಳಿದರೂ ಮನಸ್ಸು ಕರಗಲ್ಲ, ಬಿಟ್ಟುಬಿಡಲಾ ಅಂತ. ಸಲಹೆ ಕೊಟ್ಟವರಿಗೆಲ್ಲ ನಾನು ಋಣಿ.

ಒಬ್ಬರು ಹೇಳಿದಂತೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಓದಿದೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆ ಅನ್ನದೆ, ನಿಭಾಯಿಸಲಾಗದ ಕೆಲಸದ ಒತ್ತಡದ ಫಲ ಅಂದಿದೆಯಂತೆ. ಅದರ ಲಕ್ಷಣಗಳು: ಸುಸ್ತು, ಕೆಲಸದ ಮೇಲೆ ತಾತ್ಸಾರ, ಕೈಲಾಗಲ್ಲ ಅನ್ನೋ ಭಾವ. ಮೂರೂ ನನ್ನಲ್ಲಿದ್ದವು. ನಾನು ಕಲ್ಲುಮನಸ್ಸಿನವಳಲ್ಲ ಅಂತ ಅವತ್ತು ತುಂಬಾ ಅತ್ತೆ.

ಬದಲಾಯಿಸಿದ್ದು ಒಂದೇ. ಎಲ್ಲ ಸಂಘಗಳ ಲೆಕ್ಕದ ಪುಸ್ತಕ ನಾನೇ ನೋಡುತ್ತಿದ್ದೆ (ನಂಬಿಕೆ ಇರಲಿಲ್ಲ, ಅದೇ ನಿಜ), ಈಗ ಹಂಚಿಕೊಟ್ಟೆ. ಮೊದಲ ಸಭೆಯಲ್ಲಿ ಎಲ್ಲರಿಗಿಂತ ಚಿಕ್ಕವಳು ಸಾಲಿನ ಮೇಲೆ ಬೆರಳಿಟ್ಟು ಓದಿದಳು. ನಲವತ್ತು ರೂಪಾಯಿ ವ್ಯತ್ಯಾಸ. ನನ್ನ ಬಾಯಿ ತುದಿಗೆ ಉತ್ತರ ಬಂದಿತ್ತು, ತಡೆದುಕೊಂಡೆ. ಬೆರಳು ಮೇಲಿನಿಂದ ಮತ್ತೆ ಇಳಿಯಿತು, ಏಳನೇ ಸಾಲಲ್ಲಿ ನಿಂತಿತು. "ಸಿಕ್ತು ಅಕ್ಕಾ!"

ಕಾಫಿ ಗಿಡ ಹೂ ಬಿಡಿಸೋ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿತ್ತು. ಕಾಫಿ ಹೂವಿನ ಘಮ ಮೂಗಿಗೆ ಬಡಿಯಿತು, ಎಷ್ಟೋ ದಿನಗಳ ಮೇಲೆ.